ಮಳೆರಜೆಗೆ ಒಂದು, ತಿಂಗಳ ರಜೆಗೆ ಇನ್ನೊಂದು: ಶಾಲೆ ಮುಚ್ಚಿದಾಗ ಪಾಠ ಮುಂದುವರಿಸುವ ದಾರಿಗಳ ಹೋಲಿಕೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ

ಕಾಸರಗೋಡಿನಲ್ಲಿ ಶಾಲೆ ತಟ್ಟನೆ ಮುಚ್ಚುವುದು ಮೂರು ಬಗೆಯಲ್ಲಿ. ಮೊದಲನೆಯದು ಮಳೆ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಯವರ ರಜೆ ಘೋಷಣೆ ಹೆಚ್ಚಾಗಿ ಹಿಂದಿನ ದಿನ ಸಂಜೆಯೋ ರಾತ್ರಿಯೋ ಕೈಸೇರುತ್ತದೆ. ರಜೆ ಒಂದು ದಿನ, ಹೆಚ್ಚೆಂದರೆ ಎರಡು ಮೂರು ದಿನ. ಎರಡನೆಯದು ಒಂದು ಪ್ರದೇಶಕ್ಕಷ್ಟೇ ತಟ್ಟುವ ಒಂದೆರಡು ವಾರದ ರಜೆ: ಶಾಲೆಯಲ್ಲೇ ನೆರೆ ಸಂತ್ರಸ್ತರ ಶಿಬಿರ ಇರಬಹುದು, ಗುಡ್ಡ ಕುಸಿದು ದಾರಿ ಕಡಿದಿರಬಹುದು, 2023ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಜಿಲ್ಲೆಯಲ್ಲಿ ಆದಂತೆ ನಿಪಾ ಸೋಂಕು ಬಂದಿರಬಹುದು. ಮೂರನೆಯದು ಕೊರೋನಾ ಕಾಲದ್ದು. 2020ರ ಮಾರ್ಚಿನಲ್ಲಿ ಮನೆಗೆ ಹೋದ ಕೆಳ ತರಗತಿಯ ಮಕ್ಕಳು ಮತ್ತೆ ಬೆಂಚಿನಲ್ಲಿ ಕೂತದ್ದು 2021ರ ನವೆಂಬರ್ 1ಕ್ಕೆ.

ಈ ಮೂರಕ್ಕೂ ಒಂದೇ ಮದ್ದು ಹಾಕಲು ಹೋಗುವುದರಿಂದಲೇ ಹೆಚ್ಚಿನ ಎಡವಟ್ಟು. ಒಂದು ದಿನದ ಮಳೆರಜೆಗೆ ಗೂಗಲ್ ಮೀಟ್ ಲಿಂಕ್ ಕಳಿಸಿ ಹತ್ತು ಮಕ್ಕಳು ಸೇರುವಷ್ಟರಲ್ಲಿ ಕರೆಂಟು ಹೋಗುತ್ತದೆ. ಮೂರು ತಿಂಗಳ ರಜೆಯಲ್ಲಿ ಟಿವಿ ಪಾಠ ನೋಡಿ ಎಂದು ಹೇಳಿ ಬಿಟ್ಟರೆ ಮಗು ನೋಡಿತೇ, ನೋಡಿದ್ದು ತಲೆಗೆ ಹೋಯಿತೇ ಎಂದು ಯಾರಿಗೂ ತಿಳಿಯುವುದಿಲ್ಲ. ಶಾಲೆ ಎಷ್ಟು ದಿನ ಮುಚ್ಚಿರುತ್ತದೆ, ತರಗತಿಯಲ್ಲಿ ಅತಿ ಕಡಿಮೆ ಸೌಕರ್ಯವಿರುವ ಮನೆ ಯಾವುದು ಎಂಬ ಎರಡು ಸಂಗತಿ ಕೈಯಲ್ಲಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ. ಉಳಿದರ್ಧಕ್ಕೆ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಮಗುವಿಗೆ ತನ್ನ ಟೀಚರ ದನಿ ಕೇಳಿಸುವ, ಟೀಚರಿಗೆ ಮಗುವಿನ ಉತ್ತರ ಕೇಳಿಸುವ ದಾರಿ ಎಷ್ಟೇ ಸಾದಾ ಆಗಿರಲಿ, ಒಂದೇ ಕಡೆಯಿಂದ ಹರಿದುಬರುವ ಅಂದದ ವಿಡಿಯೋಗಿಂತ ಮೇಲು.

ಮೊದಲು ಪುಸ್ತಕ, ಆಮೇಲೆ ಪರದೆ

ಬೇರೆ ಕಡೆಯ ಶಾಲೆಗಳಿಗೆ ಇಲ್ಲದ ಒಂದು ತೊಡಕು ಇಲ್ಲಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯ ತಯಾರಿಸುವ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ರೂಪ. ಕೇರಳದಲ್ಲಿ ತಯಾರಾಗುವ ಡಿಜಿಟಲ್ ಪಾಠಗಳ ಬಹುಪಾಲು ಮಲಯಾಳದಲ್ಲಿದೆ. ಕನ್ನಡದಲ್ಲಿ ಧಾರಾಳವಾಗಿ ಸಿಗುವ ಪಾಠಗಳು ಕರ್ನಾಟಕದ ಪಠ್ಯಕ್ಕೆ ಹೊಂದುವಂಥವು. ಹೀಗಾಗಿ ಯೂಟ್ಯೂಬಿನಲ್ಲಿ ‘ಏಳನೇ ತರಗತಿ ವಿಜ್ಞಾನ ಕನ್ನಡ’ ಎಂದು ಹುಡುಕಿ ಸಿಕ್ಕಿದ ಮೊದಲ ಲಿಂಕನ್ನು ಗುಂಪಿಗೆ ಹಾಕಿದರೆ, ಮಗುವಿನ ಮುಂದಿರುವ ಪುಸ್ತಕದ ಪಾಠವೇ ಬೇರೆ, ಪರದೆಯ ಪಾಠವೇ ಬೇರೆ ಆಗುತ್ತದೆ. ಪಾರಿಭಾಷಿಕ ಪದಗಳೂ ಕೆಲವೆಡೆ ಬೇರೆ. ಬುದ್ಧಿವಂತ ಮಗು ಹೇಗೋ ಜೋಡಿಸಿಕೊಳ್ಳುತ್ತದೆ; ಹಿಂದೆ ಬಿದ್ದ ಮಗು ‘ನನಗೇ ಅರ್ಥವಾಗುವುದಿಲ್ಲ’ ಎಂದು ಪುಸ್ತಕ ಮುಚ್ಚಿಡುತ್ತದೆ.

ಇನ್ನೊಂದು ಎಚ್ಚರಿಕೆ ಹಳೆಯ ಪಾಠಗಳ ಬಗ್ಗೆ. 2020ರ ಜೂನ್ 1ರಿಂದ ಕೇರಳ ಸರ್ಕಾರದ ಶಿಕ್ಷಣ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ಬಂದ ‘ಫಸ್ಟ್ ಬೆಲ್’ ಸರಣಿಗೆ ಕನ್ನಡ ಮತ್ತು ತಮಿಳು ಮಾಧ್ಯಮದ ಪಾಠಗಳೂ ತಯಾರಾಗಿದ್ದವು. ಆದರೆ ಕೇರಳದ ಪಠ್ಯಪುಸ್ತಕಗಳು ಬದಲಾಗಿವೆ: 1, 3, 5, 7, 9ನೇ ತರಗತಿಗಳಿಗೆ 2024ರಲ್ಲಿ, 2, 4, 6, 8, 10ನೇ ತರಗತಿಗಳಿಗೆ 2025ರಲ್ಲಿ ಹೊಸ ಪುಸ್ತಕ ಬಂತು. ಹಳೆ ವಿಡಿಯೋದಲ್ಲಿ ‘ಪುಟ 34 ತೆರೆಯಿರಿ’ ಎಂದರೆ ಹೊಸ ಪುಸ್ತಕದಲ್ಲಿ ಅಲ್ಲಿ ಬೇರೇನೋ ಇರುತ್ತದೆ. ಭಿನ್ನರಾಶಿ, ದ್ಯುತಿಸಂಶ್ಲೇಷಣೆಯಂಥ ಬದಲಾಗದ ಪರಿಕಲ್ಪನೆಗಳಿಗೆ ಹಳೆಯದನ್ನು ಬಳಸಬಹುದು, ಕರ್ನಾಟಕದ್ದನ್ನೂ ಬಳಸಬಹುದು. ಆದರೆ ಅಧ್ಯಾಪಕರು ಪೂರ್ತಿ ನೋಡಿ, ‘ಮೂರನೇ ನಿಮಿಷದಿಂದ ಒಂಬತ್ತನೇ ನಿಮಿಷದವರೆಗೆ ಮಾತ್ರ ನೋಡು, ನಮ್ಮ ಪುಸ್ತಕದಲ್ಲಿ ಇದು ಇಂಥ ಪುಟ’ ಎಂದು ಹೇಳಿ ಕಳಿಸಬೇಕು. ಸಮಾಜ ವಿಜ್ಞಾನಕ್ಕೆ ಬೇರೆ ರಾಜ್ಯದ ವಿಡಿಯೋ ಹೊಂದುವುದು ತೀರ ಅಪರೂಪ. ಆ ಆಸೆ ಬಿಡುವುದೇ ಒಳ್ಳೆಯದು. ಪುಸ್ತಕ ಮನೆಯಲ್ಲಿಲ್ಲದ ಮಗುವಿಗೆ ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲಿನಿಂದ ಕನ್ನಡ ಮಾಧ್ಯಮದ ಪುಸ್ತಕದ ಪಿಡಿಎಫ್ ಇಳಿಸಿ ಬೇಕಾದ ಪುಟಗಳನ್ನಷ್ಟೇ ಕಳಿಸಿ. ಇಡೀ ಪುಸ್ತಕ ಕಳಿಸಿದರೆ ಫೋನಿನಲ್ಲಿ ಜಾಗವಿಲ್ಲ ಎಂದು ಮನೆಯವರು ಅಳಿಸಿಬಿಡುತ್ತಾರೆ.

ಜೂನಿನ ಕ್ಲಾಸ್ ಪಿಟಿಎಯಲ್ಲಿ (ತರಗತಿಯ ಹೆತ್ತವರ ಸಭೆಯಲ್ಲಿ) ಕೇಳಿಟ್ಟುಕೊಳ್ಳಬೇಕಾದ್ದು

‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ?’ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಆ ಉತ್ತರದಿಂದ ಉಪಯೋಗವಿಲ್ಲ. ಕೇಳಬೇಕಾದ್ದು ಹೀಗೆ: ಫೋನ್ ಯಾರದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಮನೆಯಲ್ಲಿರುತ್ತದೆ? ಒಂದೇ ಫೋನಿಗೆ ಎಷ್ಟು ಮಕ್ಕಳು? ಮನೆಯೊಳಗೆ ರೇಂಜ್ ಇದೆಯೇ, ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ? ಟಿವಿಗೆ ಪೆನ್‌ಡ್ರೈವ್ ಚುಚ್ಚುವ ಜಾಗ ಇದೆಯೇ? ಮಗುವಿನ ಬಳಿ ಕೂರುವ ಹಿರಿಯರು ಯಾವ ಭಾಷೆ ಓದಬಲ್ಲರು: ಕನ್ನಡವೇ, ಮಲಯಾಳವೇ, ಯಾವುದೂ ಇಲ್ಲವೇ? ಫೋನ್ ಕೈಗೆ ಸಿಗದಿದ್ದರೆ ಸುದ್ದಿ ಮುಟ್ಟಿಸಬಲ್ಲ ನೆರೆಮನೆಯ ನಂಬರು ಯಾವುದು?

ಫೋನ್ ತಂದೆಯ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಏಳಕ್ಕೆ ಮರಳುವ ಮನೆಯಲ್ಲಿ ಬೆಳಗ್ಗೆ ಹತ್ತರ ನೇರ ತರಗತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಣ್ಮಕಜೆ, ದೇಲಂಪಾಡಿ, ಬೆಳ್ಳೂರಿನಂಥ ಗುಡ್ಡ ಕಣಿವೆಯ ಕಡೆ ಮನೆ ತೋಟದ ತಗ್ಗಿನಲ್ಲಿದ್ದರೆ ರೇಂಜು ಸಿಗುವುದು ಮೇಲಿನ ರಸ್ತೆಗೆ ಬಂದ ಮೇಲೆ. ಜೋರು ಮಳೆಯಲ್ಲಿ ಮಗುವನ್ನು ಅಲ್ಲಿಗೆ ಓಡಿಸುವ ಪಾಠ ಯಾವ ಪಾಠವೂ ಅಲ್ಲ. ಭಾಷೆಯ ಪ್ರಶ್ನೆಯೂ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿನ ಮನೆಮಾತು ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ ಯಾವುದೂ ಇರಬಹುದು. ಪಾಠ ಕನ್ನಡದಲ್ಲೇ ಇರಲಿ. ‘ಇವತ್ತು ಮಗುವಿನಿಂದ ಇಷ್ಟು ಮಾಡಿಸಿ’ ಎಂದು ಮನೆಯವರಿಗೆ ಹೇಳುವ ಮಾತು ಅವರ ಮನೆಮಾತಿನಲ್ಲಿ, ಅದೂ ದನಿಯಲ್ಲಿ ಹೋಗಲಿ. ಟೈಪ್ ಮಾಡಿದ ಉದ್ದ ಸಂದೇಶವನ್ನು ಬೀಡಿ ಕಟ್ಟುತ್ತಾ ಕೂತ ತಾಯಿ ಓದಲಾರರು, ಕೇಳಬಲ್ಲರು.

ಸಾದಾ ಫೋನ್ ಕರೆ

ಇದನ್ನು ತಂತ್ರಜ್ಞಾನವೆಂದು ಎಣಿಸುವವರೇ ಕಡಿಮೆ. ಆದರೆ ಎಲ್‌ಪಿ (1ರಿಂದ 4ರವರೆಗಿನ) ತರಗತಿಗಳಿಗೆ ನಾವು ಮೊದಲ ಸ್ಥಾನ ಕೊಡುವುದು ಇದಕ್ಕೇ. ಬಟನ್ ಫೋನ್ ಸಾಕು, ಡೇಟಾ ಬೇಡ, ಮಗು ಏನು ಕಲಿತಿದೆ ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ. ಕೊರೋನಾ ಕಾಲದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಎಂಎಸ್ ಮಾತ್ರ ಕಳಿಸಿದರು. ಇನ್ನು ಕೆಲವಕ್ಕೆ ಎಸ್ಎಂಎಸ್ ಜೊತೆಗೆ 15–20 ನಿಮಿಷದ ಫೋನ್ ಕರೆಯನ್ನೂ ಮಾಡಿದರು. ಮಕ್ಕಳ ಲೆಕ್ಕದಲ್ಲಿ ಸ್ಪಷ್ಟ ಸುಧಾರಣೆ ಕಂಡದ್ದು ಕರೆ ಹೋದ ಮನೆಗಳಲ್ಲಿ.

ಕರೆಯಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನಾಲ್ಕನೇ ತರಗತಿಯ ಕಳೆಯುವ ಲೆಕ್ಕ.

“402ರಿಂದ 178 ಕಳೆದ್ರೆ ಎಷ್ಟು ಬಂತು ಮಗಾ?”

“376, ಟೀಚರ್.”

“ಬಿಡಿಯ ಸ್ಥಾನದಲ್ಲಿ ಏನು ಮಾಡಿದ್ದಿ, ಹೇಳು ನೋಡುವ.”

“8ರಿಂದ 2 ತೆಗೆದೆ. 6 ಬಂತು.”

“ಮೇಲೆ ಯಾವುದಿದೆ?”

“2.”

“ನಿನ್ನ ಹತ್ರ ಎರಡು ರೂಪಾಯಿ ಇದ್ರೆ ಅಂಗಡಿಯವರಿಗೆ ಎಂಟು ಕೊಡ್ಲಿಕ್ಕಾಗ್ತದಾ?”

“ಇಲ್ಲ ಟೀಚರ್. ಚಿಲ್ಲರೆ ಮಾಡ್ಬೇಕು.”

ಈ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿತ್ತು. ಮೇಲೆ ಯಾವುದು, ಕೆಳಗೆ ಯಾವುದು ಎಂದು ನೋಡುತ್ತಿರಲಿಲ್ಲ. 402ನ್ನು 3 ನೂರು, 9 ಹತ್ತು, 12 ಬಿಡಿ ಎಂದು ಒಡೆಯುವುದು ತಿಳಿದರೆ 224 ಬರುತ್ತದೆ. ಪುಸ್ತಕದ ಫೋಟೋ ನೋಡಿ ತಪ್ಪು ಗುರುತು ಹಾಕಿ ಕಳಿಸಿದ್ದರೆ ಮಗುವಿಗೆ ಸಿಗುತ್ತಿದ್ದದ್ದು ಒಂದು ಕೆಂಪು ಗೆರೆ ಮಾತ್ರ. ತಪ್ಪು ಹುಟ್ಟಿದ ಜಾಗ ಸಿಕ್ಕಿದ್ದು ‘ಏನು ಮಾಡಿದ್ದಿ, ಹೇಳು’ ಎಂದದ್ದರಿಂದ.

ಸಮಯದ ಲೆಕ್ಕವೂ ಕೈಗೆಟಕುವಂಥದ್ದೇ. 30 ಮಕ್ಕಳ ತರಗತಿಗೆ ತಲಾ 15 ನಿಮಿಷ ಎಂದರೆ ವಾರಕ್ಕೆ ಏಳೂವರೆ ಗಂಟೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ 6 ಕರೆ, ಒಂದೂವರೆ ಗಂಟೆ. ಯುಪಿ (5ರಿಂದ 7ರವರೆಗಿನ) ವಿಭಾಗದಲ್ಲಿ ಒಂದು ವಿಷಯಕ್ಕೆ 140 ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಕರೆ ಮಾಡಿ ಮುಗಿಯುವುದಿಲ್ಲ. ಆಗ ಕಾನ್ಫರೆನ್ಸ್ ಕರೆ. ಹೆಚ್ಚಿನ ಫೋನುಗಳಲ್ಲಿ ಟೀಚರನ್ನು ಬಿಟ್ಟು 5 ಮಂದಿಯವರೆಗೆ ಸೇರಿಸಬಹುದು. 28 ಕರೆ, ಏಳು ಗಂಟೆ. ಐವರನ್ನು ಆರಿಸುವಾಗ ಒಂದೇ ಮಟ್ಟದವರನ್ನು ಸೇರಿಸಿ. ಜಾಣ ಮಗು ಒಂದಿದ್ದರೆ ಉಳಿದ ನಾಲ್ವರು ಬಾಯಿ ಬಿಡುವುದಿಲ್ಲ.

ಕರೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಹೇಳದೆ ಕೇಳದೆ ಮಾಡುವುದು. ಮಗು ಆಡಲು ಹೋಗಿರುತ್ತದೆ, ಪೆನ್ಸಿಲ್ ಸಿಗುವುದಿಲ್ಲ. ವಾರ, ಹೊತ್ತು ಮೊದಲೇ ನಿಶ್ಚಯವಾಗಿರಲಿ. ಎರಡು, ಹಿರಿಯರೇ ಉತ್ತರ ಹೇಳಿಕೊಡುವುದು. ‘ಅಮ್ಮ, ತಪ್ಪಾದರೆ ಆಗಲಿ, ಅವನೇ ಹೇಳಲಿ’ ಎಂದು ಮೊದಲ ಕರೆಯಲ್ಲೇ ಮೆತ್ತಗೆ ಹೇಳಿಬಿಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮಗು, ಕೇಳಿದ ಪ್ರಶ್ನೆ, ಎಡವಿದ ಜಾಗ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ಮುಂದೆ ಇದೇ ಎಲ್ಲದಕ್ಕೂ ಆಧಾರ.

ಧ್ವನಿ ಸಂದೇಶ ಮತ್ತು ವಾಟ್ಸ್ಆ್ಯಪ್ ಗುಂಪು

ಎರಡನೆಯ ಸ್ಥಾನ ಇದಕ್ಕೆ. ಕಾರಣ ಡೇಟಾ. ಹತ್ತು ನಿಮಿಷದ ಧ್ವನಿ ಸಂದೇಶ ಸುಮಾರು 1ರಿಂದ 2 ಎಂಬಿ. ಅದೇ ಹತ್ತು ನಿಮಿಷದ ಯೂಟ್ಯೂಬ್ ವಿಡಿಯೋ 360 ಪಿ ಗುಣಮಟ್ಟದಲ್ಲಿ 50 ಎಂಬಿ ಆಸುಪಾಸು. ಮೀಟ್ ಅಥವಾ ಝೂಮ್‌ನಲ್ಲಿ ಕ್ಯಾಮೆರಾ ಹಾಕಿ ಕೂತರೆ 100 ಎಂಬಿಗೂ ಹತ್ತಿರ. ದನಿ ರಾತ್ರಿ ಬಂದು ಕೂತಿರುತ್ತದೆ, ಮಗು ಬೆಳಗ್ಗೆ ಕೇಳಬಹುದು, ಮೂರು ಸಲ ಕೇಳಬಹುದು.

ಮಾಡುವ ಕ್ರಮ ಹೀಗಿರಲಿ. ಒಂದು ಸಂದೇಶಕ್ಕೆ ಒಂದೇ ವಿಚಾರ, ನಾಲ್ಕೈದು ನಿಮಿಷ. ಶುರುವಿನಲ್ಲೇ ತರಗತಿ, ವಿಷಯ, ಪುಟದ ಸಂಖ್ಯೆ. ‘ಪುಸ್ತಕ ತೆಗೆದು ಪುಟ 22ರ ಚಿತ್ರ ನೋಡು’ ಎಂದು ಹೇಳಿ ಐದು ಸೆಕೆಂಡು ಸುಮ್ಮನಿರಿ. ಮಗು ನಿಜವಾಗಿಯೂ ಪುಟ ತಿರುಗಿಸುತ್ತದೆ. ಕೊನೆಗೆ ಎರಡೇ ಪ್ರಶ್ನೆ. ಶೀಟಿನ ಮಾಡಿನ ಕೆಳಗೆ ಮಳೆಯ ಹೊತ್ತಲ್ಲಿ ದನಿ ಮುದ್ರಿಸಿದರೆ ಏನೂ ಕೇಳುವುದಿಲ್ಲ. ಬಟ್ಟೆ, ಹಾಸಿಗೆ ಇರುವ ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿ. ವಾಟ್ಸ್ಆ್ಯಪ್ ಧ್ವನಿ ಸಂದೇಶಕ್ಕೆ ಹೆಸರು ಕೊಡಲಾಗುವುದಿಲ್ಲವಾದ್ದರಿಂದ ಅದಕ್ಕೂ ಮೊದಲು ‘4ನೇ ತರಗತಿ, ಗಣಿತ, ಪಾಠ 3, ಭಾಗ 2’ ಎಂದು ಒಂದು ಸಾಲು ಕಳಿಸಿ. ಹದಿನೈದು ದಿನ ಕಳೆದ ಮೇಲೆ ಹುಡುಕುವಾಗ ಆ ಸಾಲು ಇಲ್ಲದಿದ್ದರೆ ಸಿಗುವುದು ಬರೀ ನೀಲಿ ಅಲೆಗಳು.

ಗುಂಪು ಹಾಳಾಗುವುದು ಶುಭೋದಯದ ಹೂವುಗಳಿಂದ, ‘ಸರಿ ಟೀಚರ್’ ಎಂಬ ನಲವತ್ತು ಉತ್ತರಗಳಿಂದ. ಪಾಠದ ಗುಂಪಿನಲ್ಲಿ ಅಡ್ಮಿನ್ ಮಾತ್ರ ಕಳಿಸುವಂತೆ ಸೆಟ್ಟಿಂಗ್ ಮಾಡಿ. ಸಂಶಯ ಕೇಳಲು ಬೇರೆ ಗುಂಪು ಇರಲಿ. ಇನ್ನೊಂದು ಸೂಕ್ಷ್ಮವಿದೆ: ಗುಂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ, ತಾಯಂದಿರ ನಂಬರು ಹೀಗೆ ಹರಿದಾಡುವುದು ಒಳ್ಳೆಯದಲ್ಲ. ವಾಟ್ಸ್ಆ್ಯಪ್ ಕಮ್ಯೂನಿಟಿಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಪಾಠ ಕಳಿಸಲು ಅದೇ ಸರಿ.

ನೋಟ್‌ಬುಕ್ಕಿನ ಫೋಟೋ ತರಿಸುವಾಗ ಅಧ್ಯಾಪಕರೇ ಸೋತುಹೋಗುವುದುಂಟು. 30 ಮಕ್ಕಳು, ನಾಲ್ಕು ವಿಷಯ, ದಿನಕ್ಕೆ 120 ಫೋಟೋ. ಅರ್ಧ ಮಸುಕು, ಕೆಲವು ಅಡ್ಡ, ಕೆಲವಕ್ಕೆ ಹೆಸರಿಲ್ಲ. ದಿನಕ್ಕೆ ಹತ್ತು ಮಕ್ಕಳ ಸರದಿ ಮಾಡಿ, ಒಂದೇ ಒಂದು ಉತ್ತರದ ಫೋಟೋ ಕೇಳಿ. ಕಿಟಕಿಯ ಬಳಿ, ಪುಸ್ತಕ ನೆಲದ ಮೇಲೆ ಚಪ್ಪಟೆಯಾಗಿಟ್ಟು, ನೇರ ಮೇಲಿನಿಂದ, ಪುಟದ ತಲೆಯಲ್ಲಿ ಹೆಸರು ಬರೆದು ತೆಗೆಯಲು ಒಮ್ಮೆ ಶಾಲೆಯಲ್ಲೇ ಅಭ್ಯಾಸ ಮಾಡಿಸಿದರೆ ವರ್ಷವಿಡೀ ತಲೆನೋವು ತಪ್ಪುತ್ತದೆ. ಟೀಚರ್ ನೋಡಿ ಉತ್ತರಿಸದ ಫೋಟೋ ಒಂದಾದರೂ ಇದ್ದರೆ ಆ ಮಗು ಮುಂದಿನ ವಾರ ಕಳಿಸುವುದಿಲ್ಲ. ನೋಡಲು ಆಗದಷ್ಟು ತರಿಸಿಕೊಳ್ಳಬೇಡಿ.

ನೇರ ತರಗತಿ

ಹೈಸ್ಕೂಲಿಗೆ, ಅದರಲ್ಲೂ ಎಸ್ಎಸ್ಎಲ್‌ಸಿಯವರಿಗೆ, ಇದರ ಉಪಯೋಗ ಇದೆ. ಆದರೆ ಶಾಲೆಯ ವೇಳಾಪಟ್ಟಿಯನ್ನೇ ಪರದೆಗೆ ತರುವುದು ಬೇಡ. 40 ನಿಮಿಷದ ನಾಲ್ಕು ಅವಧಿ ಎಂದರೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ, ಒಂದೂವರೆಯಿಂದ ಎರಡೂವರೆ ಜಿಬಿ. ದಿನಕ್ಕೆ ಒಂದೂವರೆ ಜಿಬಿ ಸಿಗುವ ರೀಚಾರ್ಜಿನಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರ ತರಗತಿಗೇ ಡೇಟಾ ಸಾಲದು.

ವಾರಕ್ಕೆ ಮೂರು ದಿನ, ರಾತ್ರಿ ಏಳೂವರೆಯಿಂದ ಎಂಟೂಕಾಲರವರೆಗೆ, ಸಂಶಯ ಬಿಡಿಸುವುದಕ್ಕಷ್ಟೇ ಎಂದು ಇಟ್ಟುಕೊಳ್ಳಿ. ಪಾಠ ಮೊದಲೇ ಧ್ವನಿ ಸಂದೇಶದಲ್ಲಿ ಹೋಗಿರಲಿ. ಶುಲ್ಕವಿಲ್ಲದ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಶುಲ್ಕವಿಲ್ಲದ ಮೀಟ್ ಗುಂಪಿಗೆ 60 ನಿಮಿಷ ಕೊಡುತ್ತದೆ. 32ಕ್ಕಿಂತ ಕಡಿಮೆ ಮಂದಿ ಇದ್ದರೆ ವಾಟ್ಸ್ಆ್ಯಪಿನ ಗುಂಪು ಧ್ವನಿಕರೆಯೇ ಹಗುರ, ಹೊಸ ಆ್ಯಪ್ ಕಲಿಸುವ ಗೋಜಿಲ್ಲ. ಮಕ್ಕಳ ಕ್ಯಾಮೆರಾ ಮುಚ್ಚಿರಲಿ. ಡೇಟಾ ಉಳಿಯುತ್ತದೆ; ಅದಕ್ಕಿಂತ ಹೆಚ್ಚಾಗಿ ಮನೆಯ ಗೋಡೆ, ಮಾಡು ಸಹಪಾಠಿಗಳಿಗೆ ಕಾಣುವ ಮುಜುಗರ ಮಗುವಿಗೆ ಇರುವುದಿಲ್ಲ. ಮಳೆಗಾಲದಲ್ಲಿ ಇದರ ದೊಡ್ಡ ದೌರ್ಬಲ್ಯ ಕರೆಂಟು. ಮರ ಬಿದ್ದು ಕೆಎಸ್ಇಬಿ ಲೈನ್ ಹೋದರೆ ಮೊದಲು ವೈಫೈ ಹೋಗುತ್ತದೆ, ಕೆಲವು ಗಂಟೆ ಕಳೆದು ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ರೇಂಜೂ ಹೋಗುತ್ತದೆ.

ಟಿವಿ

ದೀರ್ಘ ರಜೆಗೆ ಒಳ್ಳೆಯ ಬೆಂಬಲ, ಮಳೆರಜೆಗೆ ಕೆಲಸಕ್ಕೆ ಬಾರದ್ದು. ಡಿಟಿಎಚ್ ತಟ್ಟೆಗೆ ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ಅಲೆಗಳನ್ನು ದಪ್ಪ ಮಳೆಹನಿಗಳು ಹೀರುತ್ತವೆ; ಜೋರು ಮಳೆ ಹೊಡೆಯುವಾಗಲೇ ‘ಸಿಗ್ನಲ್ ಇಲ್ಲ’ ಎಂದು ತೋರಿಸುವುದು ಇದಕ್ಕೇ. ಕೇಬಲ್ ಇರುವಲ್ಲಿ ಕೊಂಬೆ ಬಿದ್ದು ತಂತಿ ಕಡಿಯುತ್ತದೆ. ತಿಂಗಳುಗಟ್ಟಲೆ ರಜೆಯಾದಾಗ ವಿಕ್ಟರ್ಸ್ ಪಾಠಗಳಿಂದ ಒಂದು ದಿನಚರಿ ಉಳಿಯುತ್ತದೆ, ಅದರ ಬೆಲೆ ಸಣ್ಣದಲ್ಲ. ಆದರೆ ಪ್ರಸಾರ ಮುಗಿದ ಅದೇ ದಿನ ಟೀಚರಿಂದ ಒಂದು ಪ್ರಶ್ನೆ ಹೋಗದಿದ್ದರೆ ನೋಡಿದ್ದು ಹಾಗೆಯೇ ಹರಿದುಹೋಗುತ್ತದೆ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್

ರೇಂಜ್ ಇಲ್ಲದ ಮನೆಗೆ ವಿಡಿಯೋ ಮುಟ್ಟಿಸಲು ಇದಕ್ಕಿಂತ ಗಟ್ಟಿ ದಾರಿ ಇಲ್ಲ. 480 ಪಿಯ ಅರ್ಧ ಗಂಟೆಯ ಪಾಠ ಸುಮಾರು 150 ಎಂಬಿ ಹಿಡಿದರೆ 16 ಜಿಬಿಯ ಪೆನ್‌ಡ್ರೈವಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಠ ಕೂರುತ್ತದೆ. ಆದರೆ ಟಿವಿಯಲ್ಲಿ ಓಡಬೇಕಾದರೆ ಕೆಲವು ಷರತ್ತುಗಳಿವೆ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ; ಬೇರೆ ಮಾದರಿಯನ್ನು ಅನೇಕ ಹಳೆ ಟಿವಿಗಳು ಗುರುತಿಸುವುದಿಲ್ಲ. ಆ ಮಾದರಿಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಪಾಠಗಳಿಗೆ ಅದು ತೊಂದರೆಯಲ್ಲ. ವಿಡಿಯೋ ಉಳಿಸುವ ಮಾದರಿ ಎಂಪಿ4, ಎಚ್.264 ಇರಲಿ. ಕೆಲವು ಹೊಸ ಫೋನುಗಳು ತಾವಾಗಿಯೇ ಎಚ್.265ರಲ್ಲಿ ಮುದ್ರಿಸುತ್ತವೆ, ಹಳೆ ಟಿವಿಯಲ್ಲಿ ದನಿ ಬರುತ್ತದೆ, ಚಿತ್ರ ಬರುವುದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಇದನ್ನು ಬದಲಿಸಿಯೇ ಪಾಠ ಮುದ್ರಿಸಿ. ಫೈಲಿನ ಹೆಸರು ಕನ್ನಡದಲ್ಲಿಟ್ಟರೆ ಕೆಲವು ಟಿವಿಗಳಲ್ಲಿ ಬರೀ ಚೌಕಗಳು ಕಾಣುತ್ತವೆ. ಅಂಕೆಗಳಲ್ಲೇ ಇಡಿ: 04-02-07 ಎಂದರೆ ನಾಲ್ಕನೇ ತರಗತಿ, ಎರಡನೇ ವಿಷಯ, ಏಳನೇ ಪಾಠ. ಜೊತೆಗೆ ಒಂದು ಚೀಟಿಯಲ್ಲಿ ಪಟ್ಟಿ.

ಹಲವರು ಎಡವುವ ಇನ್ನೊಂದು ಜಾಗ: ಯೂಟ್ಯೂಬ್ ಆ್ಯಪಿನಲ್ಲಿ ‘ಡೌನ್‌ಲೋಡ್’ ಮಾಡಿದ್ದು ಆ ಆ್ಯಪಿನೊಳಗೇ ಉಳಿಯುತ್ತದೆ, ಪೆನ್‌ಡ್ರೈವಿಗೆ ತೆಗೆಯಲಾಗುವುದಿಲ್ಲ. ಆದ್ದರಿಂದ ಶಾಲೆಯ ಅಧ್ಯಾಪಕರೇ ಮುದ್ರಿಸಿದ ಮೂಲ ಫೈಲುಗಳೇ ಇದಕ್ಕೆ ಬೇಕು. ಪ್ರತಿ ಪಾಠವನ್ನು ಒಬ್ಬರೇ ಮಾಡುವುದು ಆಗದ ಮಾತು. ಪಂಚಾಯತಿನ ಕನ್ನಡ ಮಾಧ್ಯಮ ಶಾಲೆಗಳು ವಿಷಯ ಹಂಚಿಕೊಂಡು ತಲಾ ಹತ್ತು ಪಾಠ ಮುದ್ರಿಸಿದರೆ ಸಾಕು. ಹೈಸ್ಕೂಲಿನ ಲಿಟಲ್ ಕೈಟ್ಸ್ (ಐಟಿ ಕ್ಲಬ್) ಮಕ್ಕಳಿಗೆ ಮುದ್ರಣ, ಸಂಕಲನ ಎರಡೂ ಬರುತ್ತದೆ. ಪೆನ್‌ಡ್ರೈವ್ ಬದಲಾಯಿಸಿಕೊಳ್ಳಲು ಹಾಲು ಸೊಸೈಟಿ, ರೇಷನ್ ಅಂಗಡಿ, ಅಂಗನವಾಡಿ ಇವುಗಳಲ್ಲಿ ಒಂದನ್ನು ನಿಶ್ಚಯಿಸಿ. ಮರಳಿ ಬಂದದ್ದನ್ನು ಪ್ರತಿ ಸಲ ಶಾಲೆಯ ಉಬುಂಟು ಲ್ಯಾಪ್‌ಟಾಪಿನಲ್ಲೇ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿಸಿ. ಒಂದು ಮನೆಯ ಕಂಪ್ಯೂಟರಿನ ವೈರಸ್ ಮೂವತ್ತು ಮನೆಗೆ ಹೋಗುವುದು ಹೀಗೆ ತಪ್ಪುತ್ತದೆ.

ಎಷ್ಟು ದಿನದ ರಜೆಗೆ ಯಾವುದು

ಒಂದರಿಂದ ಮೂರು ದಿನದ ಮಳೆರಜೆಗೆ ಕಾಗದವೇ ಸಾಕು. ಜೂನ್ ಮೊದಲ ವಾರದಲ್ಲೇ ಪ್ರತಿ ಮಗುವಿಗೆ ಒಂದು ಪ್ಲಾಸ್ಟಿಕ್ ಫೈಲು: ದಿನ 1, ದಿನ 2 ಎಂದು ಗುರುತು ಹಾಕಿದ ಆರು ಹಾಳೆ, ಒಂದು ಓದುವ ಕತೆ. ಜೆರಾಕ್ಸ್ ಪುಟಕ್ಕೆ ಒಂದೆರಡು ರೂಪಾಯಿ. 30 ಮಕ್ಕಳಿಗೆ 180 ಪುಟ. ಹೊಸ ಪಾಠ ಬೇಡ, ಕಲಿತದ್ದರ ಅಭ್ಯಾಸ ಮಾತ್ರ. ರಜೆ ಘೋಷಣೆಯಾದ ರಾತ್ರಿ ಟೀಚರಿಂದ ಒಂದು ನಿಮಿಷದ ಧ್ವನಿ ಸಂದೇಶ: ‘ನಾಳೆ ದಿನ 1ರ ಹಾಳೆ ಮಾಡಿ, ತೋಡಿನ ಕಡೆ ಹೋಗಬೇಡಿ.’ ಅಷ್ಟೇ. ಕರೆಂಟು, ರೇಂಜು ಹೋದರೂ ಹಾಳೆ ಮಗುವಿನ ಕೈಯಲ್ಲಿರುತ್ತದೆ.

ಒಂದೆರಡು ವಾರವಾದರೆ ಧ್ವನಿ ಸಂದೇಶದಲ್ಲಿ ಪಾಠ, ವಾರಕ್ಕೊಂದು ಫೋನ್ ಕರೆ, ಸರದಿಯ ಫೋಟೋ. ಶಿಬಿರದಲ್ಲಿರುವ ಮಕ್ಕಳ ಪುಸ್ತಕ ನೀರುಪಾಲಾಗಿರುತ್ತದೆ. ಅವರಿಗೆ ಮೊದಲು ಬೇಕಾದ್ದು ಬೇಕಾದಷ್ಟು ಪುಟಗಳ ಜೆರಾಕ್ಸ್. 10,000 ಎಂಎಎಚ್ ಪವರ್ ಬ್ಯಾಂಕ್ ಒಂದು ಸಾಮಾನ್ಯ ಸ್ಮಾರ್ಟ್‌ಫೋನನ್ನು ಹೆಚ್ಚು ಕಡಿಮೆ ಒಂದೂಕಾಲು ಸಲ ತುಂಬುತ್ತದೆ, ಎರಡು ಸಲ ಅಲ್ಲ; ಆ ಲೆಕ್ಕದಲ್ಲೇ ಶಾಲೆಯಲ್ಲಿ ಎರಡು ಮೂರು ಇಟ್ಟುಕೊಂಡಿರಿ.

ತಿಂಗಳು ಮೀರಿದರೆ ಟಿವಿ ಅಥವಾ ಪೆನ್‌ಡ್ರೈವ್ ಪಾಠ, ಅದರ ಮೇಲೆ ವಾರದ ಕರೆ, ದೊಡ್ಡವರಿಗೆ ವಾರಕ್ಕೆ ಮೂರು ಸಲ ನೇರ ಸಂಶಯ ನಿವಾರಣೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಪರಿಶೀಲಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ 92 ಶೇಕಡಾ ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ 82 ಶೇಕಡಾ. ಕಲಿಯದೆ ಉಳಿದ ಪಾಠದ ಜೊತೆಗೆ ಕಲಿತ ಪಾಠವೂ ಜಾರುತ್ತದೆ. ಹಾಗಾಗಿ ದೀರ್ಘ ರಜೆಯಲ್ಲಿ ವಾರದ ಕರೆಯ ಅರ್ಧ ಹೊತ್ತು ಹಿಂದಿನ ತರಗತಿಯ ಓದು, ಬರಹ, ಲೆಕ್ಕಕ್ಕೆ ಮೀಸಲಿಡಿ. ಪಠ್ಯ ಮುಗಿಸುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಕಣ್ಣು ಕಾಣದ ಮಗುವಿಗೆ ಧ್ವನಿ ಪಾಠವೇ ಸಲೀಸು. ಕಿವಿ ಕೇಳದ ಮಗುವಿಗೆ ಕರೆಯೂ ಇಲ್ಲ, ದನಿಯೂ ಇಲ್ಲ. ಅಂಥ ಮಗು ತರಗತಿಯಲ್ಲಿದ್ದರೆ ಅಧ್ಯಾಪಕರ ಮುಖ, ತುಟಿ ಕಾಣುವ ಎರಡು ನಿಮಿಷದ ವಿಡಿಯೋ ಮತ್ತು ಬರೆದ ಹಾಳೆ ಬೇರೆಯಾಗಿಯೇ ತಯಾರಾಗಬೇಕು.

ಯಾವ ದಾರಿ ಹಿಡಿದರೂ ವಾರದ ಎಸ್ಆರ್‌ಜಿ (ಶಾಲೆಯ ಅಧ್ಯಾಪಕರ) ಸಭೆಯಲ್ಲಿ ಕರೆಗಳ ನೋಟ್‌ಬುಕ್ ತೆರೆದು, ಎರಡು ವಾರ ದನಿಯೇ ಕೇಳಿಸದ ಮಕ್ಕಳ ಹೆಸರು ಬೇರೆ ಬರೆಯಿರಿ. ಫೋನ್ ಕೆಟ್ಟಿರಬಹುದು, ರೀಚಾರ್ಜ್ ಮುಗಿದಿರಬಹುದು, ಮಗು ತೋಟದ ಕೆಲಸಕ್ಕೆ ಹೋಗುತ್ತಿರಬಹುದು. ನೆರೆಮನೆಯ ನಂಬರಿಗೆ ಕರೆ ಮಾಡಿ. ಆಗಲೂ ಸಿಗದಿದ್ದರೆ ವಾರ್ಡ್ ಸದಸ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು ಆ ಮನೆಯ ಅಂಗಳಕ್ಕೆ ಹೋಗಿ. ಹೋಗುವಾಗ ಪುಸ್ತಕ, ಹಾಳೆ, ಎರಡು ಪೆನ್ಸಿಲ್ ಕೈಯಲ್ಲಿರಲಿ.